ಪೋಷಕರಿಗೆ ಪತ್ರ: ತೊಗರಿ ಹೊಲದಲ್ಲಿ ಸಿಕ್ಕ ಡಬ್ಬಿ ಮತ್ತು ನಮ್ಮ ಹೊಸ ನಿಯಮ

ಪ್ರಿಯ ಪೋಷಕರೇ,

ನಮಸ್ಕಾರ. ಕಳೆದ ಮಂಗಳವಾರ ಶಾಲೆಯಲ್ಲಿ ನಡೆದದ್ದರ ಬಗ್ಗೆ ಊರಲ್ಲಿ ನಾನಾ ಮಾತು ಓಡಾಡುತ್ತಿವೆ. 'ಶಾಲೆ ಮೇಲೆ ಉಪಗ್ರಹ ಬಿತ್ತು' ಅನ್ನುವ ಮೆಸೇಜು ಪಕ್ಕದ ತಾಲ್ಲೂಕಿನವರೆಗೂ ಹೋಗಿದೆ. ಕೆಲವರು ಶಾಲೆಗೇ ಬಂದು ಕೇಳಿದಿರಿ. ಕೆಲವರು ಸಿಟ್ಟಿನಿಂದ ಬರೆದು ಕೊಟ್ಟಿದ್ದೀರಿ. ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡೋಣ ಎಂದು ಈ ಪತ್ರ ಬರೆಯುತ್ತಿದ್ದೇನೆ.

ಉಪಗ್ರಹ ಬಿದ್ದಿಲ್ಲ. ಎಂಟನೇ ತರಗತಿಯ ಇಬ್ಬರು ಹುಡುಗರಿಗೆ ಬೆಳಗ್ಗೆ ತೊಗರಿ ಹೊಲದ ಬದುವಿನಲ್ಲಿ ಒಂದು ಬಿಳಿ ಡಬ್ಬಿ ಸಿಕ್ಕಿತ್ತು. ಅದಕ್ಕೆ ದಾರ, ಹರಿದ ರಬ್ಬರು, ಒಂದು ವೈರು ಅಂಟಿಕೊಂಡಿದ್ದವು. ಮೇಲೆ ಏನೋ ಬರೆದಿತ್ತು, ಆದರೆ ಮಣ್ಣು ಮೆತ್ತಿ ಓದಲು ಬರುತ್ತಿರಲಿಲ್ಲ. ಹುಡುಗರು ಅದನ್ನು ಬ್ಯಾಗಿನಲ್ಲಿಟ್ಟು ಕ್ಲಾಸಿಗೆ ತಂದರು. ವಿಜ್ಞಾನ ಶಿಕ್ಷಕಿ ನೋಡಿದ ಕೂಡಲೇ ಮಕ್ಕಳನ್ನೆಲ್ಲ ಮೈದಾನದ ಆ ತುದಿಗೆ ಕಳಿಸಿದರು. ಕೊಠಡಿಗೆ ಬೀಗ ಹಾಕಿಸಿದರು. ನಾನು 112ಕ್ಕೆ ಫೋನ್ ಮಾಡಿದೆ. ಪೊಲೀಸರು ಬಂದು ಡಬ್ಬಿ ತೆಗೆದುಕೊಂಡು ಹೋದರು. ಸಂಜೆ ಹೊತ್ತಿಗೆ ಅದೇನೆಂದು ಗೊತ್ತಾಯಿತು. ಹವಾಮಾನ ಇಲಾಖೆಯವರು ಬಲೂನಿಗೆ ಕಟ್ಟಿ ಮೇಲೆ ಬಿಡುವ ಸಣ್ಣ ಉಪಕರಣ ಅದು. ಅಪಾಯದ ವಸ್ತು ಅಲ್ಲ.

ಆಮೇಲೆ ಬಂದ ಮಾತು ನನಗೆ ಅರ್ಥವಾಗುತ್ತದೆ. 'ಒಂದು ಥರ್ಮಾಕೋಲ್ ಡಬ್ಬಿಗೆ ಪೊಲೀಸರನ್ನು ಕರೆಸಬೇಕಿತ್ತಾ?' 'ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ ಹೆದರಿಸಿದ್ದು ಯಾಕೆ?' 'ನಮ್ಮ ಹುಡುಗನ ಹೆಸರು ಠಾಣೆಯಲ್ಲಿ ಬರೆಸಿದ್ದು ಯಾಕೆ?' ಬಿಸಿಲಿನ ವಿಚಾರಕ್ಕೆ ಮೊದಲು ಹೇಳಿಬಿಡುತ್ತೇನೆ. ಮಕ್ಕಳು ಕೂತಿದ್ದು ಬೇವಿನ ಮರದ ನೆರಳಲ್ಲಿ. ನೀರು ಇತ್ತು, ಊಟದ ಹೊತ್ತಿಗೆ ಊಟ ಆಯಿತು. ಎರಡು ಪೀರಿಯಡ್ ಪಾಠ ಹೋಯಿತು, ಅದನ್ನು ಶನಿವಾರ ತುಂಬಿಸಿದ್ದೇವೆ.

ಮುಖ್ಯ ಮಾತು ಪೊಲೀಸರದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಡಬ್ಬಿ ಅಪಾಯದ್ದಲ್ಲ ಎಂದು ನಮಗೆ ಗೊತ್ತಾದದ್ದು ಸಂಜೆ. ಬೆಳಗ್ಗೆ ಗೊತ್ತಿರಲಿಲ್ಲ. ಆಕಾಶದಿಂದ ಬಿದ್ದ ವಸ್ತುವನ್ನು ಹೊರಗಿನಿಂದ ನೋಡಿ ಇದು ಹವಾಮಾನದ ಡಬ್ಬಿ, ಇದು ರಾಕೆಟ್ಟಿನ ತುಂಡು ಎಂದು ಹೇಳಲು ನಮ್ಮ ಯಾವ ಶಿಕ್ಷಕರಿಗೂ ಆಗುವುದಿಲ್ಲ. ಹಾಗೆ ಹೇಳಬಲ್ಲವರಿಗೆ ಸುದ್ದಿ ಮುಟ್ಟಿಸುವ ದಾರಿ ನಮ್ಮಂಥ ಊರಿನಲ್ಲಿ ಒಂದೇ, ಪೊಲೀಸ್ ಠಾಣೆ.

ಇದೇನು ಎಲ್ಲೋ ದೂರದ ಮಾತಲ್ಲ. ನಮ್ಮ ಪಕ್ಕದ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ 2025ರ ಜನವರಿಯಲ್ಲಿ ಒಂದು ಮನೆಯ ಮೇಲೆ ದೊಡ್ಡ ಬಲೂನು ಉಪಕರಣದ ಸಮೇತ ಬಂದು ಬಿದ್ದದ್ದು ನಿಮಗೆ ನೆನಪಿರಬಹುದು. ಅದು ಹೈದರಾಬಾದಿನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಬಲೂನ್ ಕೇಂದ್ರದ್ದು. ಆ ಕೇಂದ್ರದವರು ಬಲೂನು ಬಿಡುವ ಕಾಲಕ್ಕೆ ಸುತ್ತಲಿನ ಜಿಲ್ಲೆಗಳ ಜನರಿಗೆ ಸೂಚನೆ ಕೊಡುತ್ತಾರೆ. ಉಪಕರಣ ಸಿಕ್ಕರೆ ಬಿಚ್ಚಬೇಡಿ, ಕೆಲವದರಲ್ಲಿ ಹೆಚ್ಚಿನ ವೋಲ್ಟೇಜ್ ಇರುತ್ತದೆ, ಹತ್ತಿರದ ಠಾಣೆಗೆ ತಿಳಿಸಿ ಎನ್ನುತ್ತಾರೆ. ತಿಳಿಸಿದವರಿಗೆ ಬಹುಮಾನವೂ ಉಂಟು. ಬಿಚ್ಚಿ ನೋಡಿದರೆ ಬಹುಮಾನ ಇಲ್ಲ.

ಬಲೂನು ಎಷ್ಟೇ ಮೇಲೆ ಹೋದರೂ ನಲವತ್ತು ಕಿಲೋಮೀಟರ್ ಆಸುಪಾಸು. ಅದು ಬಾಹ್ಯಾಕಾಶ ಅಲ್ಲ. ನಿಜವಾಗಿ ಬಾಹ್ಯಾಕಾಶದಿಂದ ಬೀಳುವ ವಸ್ತುಗಳ ಕಥೆ ಬೇರೆ. ಮಕ್ಕಳು ಈ ವಾರವಿಡೀ ಅದನ್ನೇ ಕೇಳುತ್ತಿದ್ದಾರೆ, ಮನೆಯಲ್ಲೂ ಕೇಳಿರಬೇಕು. ಹಾಗಾಗಿ ಇಲ್ಲೇ ಬರೆಯುತ್ತೇನೆ.

ಕೆಲಸ ಮುಗಿದ ಉಪಗ್ರಹ, ಉಪಗ್ರಹವನ್ನು ಮೇಲೆ ಮುಟ್ಟಿಸಿದ ರಾಕೆಟ್ಟಿನ ಹಂತ (ಅಂದರೆ ರಾಕೆಟ್ಟಿನ ಒಂದು ಭಾಗ), ಇವು ಮೇಲೆ ಸುತ್ತುತ್ತಲೇ ಇರುತ್ತವೆ. ಅಷ್ಟು ಎತ್ತರದಲ್ಲೂ ತೆಳ್ಳಗೆ ಗಾಳಿ ಇರುತ್ತದೆ. ಅದು ದಿನದಿನಕ್ಕೂ ಅವುಗಳ ವೇಗವನ್ನು ಚೂರು ಚೂರು ಕಡಿಮೆ ಮಾಡುತ್ತದೆ. ಸುತ್ತು ಕೆಳಗೆ ಕೆಳಗೆ ಬರುತ್ತದೆ. ಕೊನೆಗೆ ವಾತಾವರಣದೊಳಗೆ ನುಗ್ಗುವಾಗ ವೇಗ ಸೆಕೆಂಡಿಗೆ ಏಳು ಕಿಲೋಮೀಟರಿಗೂ ಜಾಸ್ತಿ. ಆ ವೇಗದಲ್ಲಿ ಹೋದರೆ ಕಲಬುರಗಿಯಿಂದ ನೇರ ಬೆಂಗಳೂರಿಗೆ ಒಂದು ನಿಮಿಷದ ಮೇಲೆ ಸ್ವಲ್ಪ ಸಾಕು. ಅಷ್ಟು ವೇಗದ ವಸ್ತುವಿನ ಮುಂದೆ ಗಾಳಿ ಒತ್ತಿಕೊಂಡು ಕಾದು ಕೆಂಡವಾಗುತ್ತದೆ. ಸುಮಾರು 80 ಕಿಲೋಮೀಟರ್ ಎತ್ತರದಲ್ಲಿ ವಸ್ತು ಚೂರಾಗುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುವುದರಿಂದ ಹೆಚ್ಚಿನ ಭಾಗ ಮೇಲೆಯೇ ಮುಗಿದುಹೋಗುತ್ತದೆ. ಆದರೆ ಟೈಟೇನಿಯಂ ಕರಗಲು 1660 ಡಿಗ್ರಿಗೂ ಜಾಸ್ತಿ ಬೇಕು. ಇಂಧನದ ಮತ್ತು ಒತ್ತಡದ ಗ್ಯಾಸಿನ ಟ್ಯಾಂಕುಗಳನ್ನು ಮಾಡುವುದು ಎಷ್ಟೋ ಸಲ ಅದರಿಂದಲೇ. ಟ್ಯಾಂಕು ಗಾತ್ರಕ್ಕೆ ತಕ್ಕಷ್ಟು ಭಾರ ಇರುವುದಿಲ್ಲ, ಹಾಗಾಗಿ ಗಾಳಿಯಲ್ಲಿ ಬೇಗ ನಿಧಾನವಾಗುತ್ತದೆ, ಪೂರ್ತಿ ಸುಡದೆ ಕೆಳಗೆ ಬರುತ್ತದೆ. ಹೊಲಗಳಲ್ಲಿ ಚೆಂಡಿನಂಥ ಲೋಹದ ಗುಂಡು ಸಿಗುವುದು ಈ ಕಾರಣಕ್ಕೆ.

2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಮಧ್ಯಪ್ರದೇಶದ ಜನ ಆಕಾಶದಲ್ಲಿ ಬೆಂಕಿಯ ಗೆರೆಗಳನ್ನು ನೋಡಿದರು. ಉಲ್ಕೆ ಅಂದರು, ವಿಮಾನ ಅಂದರು. ಅದೇ ರಾತ್ರಿ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನ ಲಾಡಬೋರಿ ಎಂಬ ಹಳ್ಳಿಯ ಖಾಲಿ ಜಾಗದಲ್ಲಿ ಒಂದು ದೊಡ್ಡ ಲೋಹದ ಬಳೆ ಬಂದು ಬಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಲೋಹದ ಗುಂಡುಗಳೂ ಸಿಕ್ಕವು. ಅದು 2021ರ ಫೆಬ್ರುವರಿಯಲ್ಲಿ ಚೀನಾ ಹಾರಿಸಿದ ಲಾಂಗ್ ಮಾರ್ಚ್ 3ಬಿ ರಾಕೆಟ್ಟಿನ ಮೂರನೇ ಹಂತದ್ದು ಎಂದು ತಜ್ಞರು ಹೇಳಿದರು. ಅದು ನಮ್ಮಂಥದೇ ಹಳ್ಳಿ, ಹೊಲ ಮನೆ ಇರುವ ಊರು. ಮುಂದಿನ ತಿಂಗಳು ಗುಜರಾತಿನ ಆಣಂದ್, ಖೇಡಾ ಜಿಲ್ಲೆಗಳ ಹಳ್ಳಿಗಳಲ್ಲೂ ಗುಂಡುಗಳು ಬಿದ್ದವು. ಕೀನ್ಯಾದ ಮುಕುಕು ಹಳ್ಳಿಯಲ್ಲಿ 2024ರ ಡಿಸೆಂಬರ್ 30ರಂದು ಸುಮಾರು 500 ಕೆ.ಜಿ. ತೂಗುವ ಉಂಗುರವೇ ಬಿತ್ತು. ಈ ಯಾವ ಕಡೆಯೂ ಯಾರಿಗೂ ಪೆಟ್ಟಾಗಲಿಲ್ಲ.

ಇದನ್ನು ಓದಿ ರಾತ್ರಿ ಮಕ್ಕಳನ್ನು ಅಂಗಳದಲ್ಲಿ ಮಲಗಿಸಲು ಹೆದರಬೇಡಿ. ಬಾಹ್ಯಾಕಾಶದಿಂದ ಬಿದ್ದ ತುಂಡು ತಗುಲಿ ಯಾರೋ ಸತ್ತರು ಎಂಬುದಕ್ಕೆ ಈವರೆಗೆ ಖಚಿತ ದಾಖಲೆ ಇಲ್ಲ. ಅಮೆರಿಕದ ತುಲ್ಸಾ ಎಂಬಲ್ಲಿ 1997ರಲ್ಲಿ ವಾಕಿಂಗ್ ಹೊರಟ ಮಹಿಳೆಯೊಬ್ಬರ ಭುಜಕ್ಕೆ ರಾಕೆಟ್ಟಿನ ಸಣ್ಣ ತುಂಡು ತಾಗಿತು, ಅವರಿಗೆ ಗಾಯವೂ ಆಗಲಿಲ್ಲ. ಭೂಮಿಯ ಮುಕ್ಕಾಲು ಭಾಗ ಹತ್ತಿರಹತ್ತಿರ ನೀರೇ ಇದೆ. ಹೆಚ್ಚಿನವು ಅಲ್ಲಿಗೇ ಹೋಗುತ್ತವೆ. ನಮ್ಮ ಇಸ್ರೋದವರು ಮೇಘಾ ಟ್ರಾಪಿಕ್ಸ್ ಎಂಬ ಹಳೆಯ ಉಪಗ್ರಹವನ್ನು 2023ರ ಮಾರ್ಚ್ 7ರಂದು ಬೆಂಗಳೂರಿನಿಂದಲೇ ನಿಯಂತ್ರಿಸಿ, ಬೇಕೆಂದೇ ಪೆಸಿಫಿಕ್ ಸಾಗರದ ಜನವಿಲ್ಲದ ಕಡೆ ಬೀಳಿಸಿದರು. ಇನ್ನೂ ಉಳಿದಿದ್ದ ಇಂಧನವನ್ನೇ ಅದಕ್ಕೆ ಬಳಸಿದರು. ಈ ಕೆಲಸ ನಮ್ಮ ರಾಜ್ಯದಲ್ಲಿ ಕೂತು ಆಗಿದೆ ಎನ್ನುವುದು ಮಕ್ಕಳಿಗೆ ಗೊತ್ತಿರಲಿ, ಹೆಮ್ಮೆ ಪಡಲಿ.

ನಮ್ಮ ಚಿಂತೆ ತಲೆಯ ಮೇಲೆ ಬೀಳುವುದರ ಬಗ್ಗೆ ಅಲ್ಲ. ಬಿದ್ದ ಮೇಲೆ ಮುಟ್ಟುವುದರ ಬಗ್ಗೆ. ಕೆಲವು ಟ್ಯಾಂಕುಗಳಲ್ಲಿ ಹೈಡ್ರಜೀನ್ ಎಂಬ ಇಂಧನ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ. ಚರ್ಮಕ್ಕೆ, ಕಣ್ಣಿಗೆ, ಶ್ವಾಸಕೋಶಕ್ಕೆ ವಿಷ. ಬೀಳುವಾಗ ಬಹುಪಾಲು ಸುಟ್ಟುಹೋಗುತ್ತದೆ ನಿಜ, ಆದರೆ ಸುಟ್ಟುಹೋಗಿದೆಯೋ ಇಲ್ಲವೋ ಎಂದು ಹದಿಮೂರು ವರ್ಷದ ಹುಡುಗ ಮೂಸಿ ನೋಡಿ ತೀರ್ಮಾನಿಸಬಾರದು ಅಲ್ವಾ? ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಉಳಿದಿರಬಹುದು. ಕಾರ್ಬನ್ ನಾರಿನ ಸಿಬಿರು ಕೈಗೆ ಚುಚ್ಚುತ್ತದೆ, ಪುಡಿ ಉಸಿರಿನ ಜೊತೆ ಒಳಗೆ ಹೋಗುತ್ತದೆ. 1978ರಲ್ಲಿ ಸೋವಿಯತ್ ದೇಶದ ಕಾಸ್ಮೋಸ್ 954 ಉಪಗ್ರಹ ಕೆನಡಾದ ಮೇಲೆ ಬಿದ್ದಾಗ ಅದರೊಳಗೆ ಪರಮಾಣು ರಿಯಾಕ್ಟರ್ ಇತ್ತು. ವಿಕಿರಣದ ಚೂರುಗಳನ್ನು ಹಿಮದಲ್ಲಿ ತಿಂಗಳುಗಟ್ಟಲೆ ಹುಡುಕಿದರು. ಅಂಥದ್ದು ತೀರಾ ಅಪರೂಪ. ಆದರೆ ಹೊರಗಿನಿಂದ ನೋಡಿದರೆ ಅದೂ ಒಂದು ಲೋಹದ ಚೂರೇ.

ಮತ್ತೆ ಪೊಲೀಸರ ವಿಚಾರಕ್ಕೆ ಬರುತ್ತೇನೆ. ಠಾಣೆ ಎಂದರೆ ನಮ್ಮ ಜನರಿಗೆ ಒಂದು ಅಳುಕು ಇದೆ. ಹೆಸರು ಬರೆಸಿದರೆ ಸಾಕ್ಷಿ, ಕೋರ್ಟು ಎಂದು ಅಲೆಯಬೇಕು ಎನ್ನುವ ಭಯ. ಅದು ಸುಮ್ನೆ ಹುಟ್ಟಿದ ಭಯ ಅಲ್ಲ, ನಾನೂ ಇದೇ ಊರಿನವನು, ನನಗೆ ಗೊತ್ತು. ಆದರೆ ಇಲ್ಲಿ ಬರೆಸಿದ್ದು ಯಾವ ಕೇಸೂ ಅಲ್ಲ. ವಸ್ತು ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ಯಾರಿಗೆ ಸಿಕ್ಕಿತು ಎಂಬ ಮೂರು ಮಾತು. ಅದೂ ನನ್ನ ಎದುರೇ, ನನ್ನ ಕೊಠಡಿಯಲ್ಲೇ. ಇಬ್ಬರು ಹುಡುಗರೂ ಚೆನ್ನಾಗಿ ಉತ್ತರ ಕೊಟ್ಟರು. ಬಂದ ಪೇದೆಯವರು ಅವರ ಬೆನ್ನು ತಟ್ಟಿಯೇ ಹೋದರು.

'ಹೊಲದಲ್ಲಿ ಸಿಕ್ಕಿದ್ದು ಹುಡುಗನದ್ದೇ ಅಲ್ವಾ, ಕಸಿದುಕೊಂಡಿರಿ' ಎಂದು ಒಬ್ಬರು ಬರೆದಿದ್ದೀರಿ. ಗುಜರಿಗೆ ಹಾಕಿದರೆ ನಾಲ್ಕು ಕಾಸು ಬರುತ್ತಿತ್ತು ಎಂದವರೂ ಇದ್ದಾರೆ. ಬಾಹ್ಯಾಕಾಶಕ್ಕೆ ಹೋದ ವಸ್ತು ಎಲ್ಲೇ ಬಿದ್ದರೂ ಅದು ಹಾರಿಸಿದವರದ್ದೇ ಎಂದು 1967ರ ಅಂತರರಾಷ್ಟ್ರೀಯ ಒಪ್ಪಂದ ಹೇಳುತ್ತದೆ. ಭಾರತವೂ ಅದಕ್ಕೆ ಸೇರಿದೆ. ಇನ್ನೊಂದು ಮಾತು. ಅಂಥ ವಸ್ತು ಬಿದ್ದು ನಮ್ಮ ಮನೆಗೋ ಬೆಳೆಗೋ ನಷ್ಟವಾದರೆ ಹಾರಿಸಿದ ದೇಶವೇ ಹೊಣೆ ಎಂದು 1972ರ ಒಪ್ಪಂದ ಇದೆ. ಕೆನಡಾಕ್ಕೆ ಸೋವಿಯತ್ ದೇಶ 30 ಲಕ್ಷ ಕೆನಡಾ ಡಾಲರ್ ಕೊಟ್ಟಿತು. ಆ ಹೊಣೆ ಯಾರದ್ದು ಎಂದು ತೋರಿಸಲು ತುಂಡು ಬೇಕು, ಬಿದ್ದ ಜಾಗದ ದಾಖಲೆ ಬೇಕು. ಗುಜರಿಗೆ ಹೋದ ತುಂಡಿನಿಂದ ಯಾವ ರೈತನಿಗೂ ಪರಿಹಾರ ಸಿಗುವುದಿಲ್ಲ.

ಸುದ್ದಿ ಕೊಡುವುದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ದೇಶದ ರಾಕೆಟ್ಟಿನ ಉದಾಹರಣೆ ಇದೆ. 2023ರ ಜುಲೈನಲ್ಲಿ ಆಸ್ಟ್ರೇಲಿಯಾದ ಗ್ರೀನ್ ಹೆಡ್ ಎಂಬಲ್ಲಿ ಸಮುದ್ರ ದಂಡೆಗೆ ದೊಡ್ಡ ಸಿಲಿಂಡರ್ ತೇಲಿ ಬಂತು. ಅಲ್ಲಿನ ಜನ ಪೊಲೀಸರಿಗೆ ತಿಳಿಸಿದರು. ಪೊಲೀಸರು ಯಾರೂ ಹತ್ತಿರ ಹೋಗದಂತೆ ಕಾವಲು ಹಾಕಿದರು, ಪರೀಕ್ಷೆ ಮಾಡಿಸಿ ಅಪಾಯ ಇಲ್ಲ ಎಂದು ತಿಳಿಸಿದರು. ಕೆಲವು ದಿನಗಳ ಮೇಲೆ ಗೊತ್ತಾಯಿತು, ಅದು ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನ ಮೂರನೇ ಹಂತದ ಭಾಗ. ನಮ್ಮ ರಾಕೆಟ್ಟಿನ ತುಂಡು ಸಿಕ್ಕಾಗ ಆ ಊರಿನವರು ಮಾಡಿದ್ದನ್ನೇ ಮಂಗಳವಾರ ನಾವೂ ಮಾಡಿದ್ದೇವೆ. ಇದರಲ್ಲಿ ಶಾಲೆ ಅತಿ ಮಾಡಿತು ಎಂದು ನನಗೆ ಅನಿಸುವುದಿಲ್ಲ. ನಾಳೆ ಇನ್ನೊಂದು ಡಬ್ಬಿ ಬಂದರೂ ಇದನ್ನೇ ಮಾಡುತ್ತೇವೆ. ಅದೂ ಥರ್ಮಾಕೋಲೇ ಆಗಲಿ ಎಂದೇ ನನ್ನ ಆಸೆ.

ಇನ್ನು ಹೊಸ ನಿಯಮ. ಹೊಲ, ಕೆರೆ, ರಸ್ತೆ, ಎಲ್ಲೇ ಸಿಕ್ಕಿರಲಿ, ಏನೆಂದು ಗೊತ್ತಿಲ್ಲದ ಲೋಹದ ತುಂಡು, ಡಬ್ಬಿ, ಗುಂಡು, ವೈರು ಇರುವ ವಸ್ತುವನ್ನು ಶಾಲೆಗೆ ತರುವಂತಿಲ್ಲ. ಮುಟ್ಟುವಂತಿಲ್ಲ, ಕಲ್ಲು ಹೊಡೆಯುವಂತಿಲ್ಲ, ಸೆಲ್ಫಿಗೆ ಹತ್ತಿರ ಹೋಗುವಂತಿಲ್ಲ. ದೂರ ನಿಂತು ದೊಡ್ಡವರನ್ನು ಕರೆಯಬೇಕು. ಪ್ರತಿ ತರಗತಿಯಲ್ಲೂ ಇದನ್ನು ಹೇಳಿ ಆಗಿದೆ. ನಿಯಮ ಮುರಿದವರಿಗೆ ದಂಡ ಇಲ್ಲ, ಹೊಡೆತ ಇಲ್ಲ. ಮತ್ತೆ ಕೂರಿಸಿಕೊಂಡು ಹೇಳುತ್ತೇವೆ, ಅಷ್ಟೇ.

ಆ ಇಬ್ಬರಲ್ಲಿ ಒಬ್ಬ ಹುಡುಗನಿಗೆ ಮನೆಯಲ್ಲಿ ಏಟು ಬಿದ್ದಿದೆ ಎಂದು ಕೇಳಿ ನನಗೆ ತುಂಬಾ ಬೇಸರವಾಯಿತು. ಆ ಹುಡುಗ ವಿಚಿತ್ರವಾದ ವಸ್ತು ಕಂಡು, ಇದೇನು ಎಂದು ಕೇಳಲು ತನ್ನ ಟೀಚರ್ ಹತ್ತಿರ ತಂದ. ಕೇಳಬೇಕು ಎನಿಸಿತಲ್ಲ, ಅದಕ್ಕೇ ನಾವು ಶಾಲೆ ನಡೆಸುವುದು. ಮುಟ್ಟಬಾರದಿತ್ತು ಎಂದು ಅವನಿಗೆ ಈಗ ಗೊತ್ತಾಗಿದೆ. ಹೇಳಿದ್ದಕ್ಕೆ ಏಟು ಬಿತ್ತು ಎಂದರೆ ಮುಂದಿನ ಸಲ ಅವನು ಹೇಳುವುದಿಲ್ಲ. ಅವನ ಗೆಳೆಯರೂ ಹೇಳುವುದಿಲ್ಲ. ಸಿಕ್ಕಿದ್ದನ್ನು ಅಟ್ಟದ ಮೇಲೆ ಬಚ್ಚಿಡುತ್ತಾರೆ, ರಾತ್ರಿ ಕದ್ದು ಬಿಚ್ಚುತ್ತಾರೆ. ನನಗೆ ಭಯ ಇರುವುದು ಅದರ ಬಗ್ಗೆ. ಆಕಾಶದ ಬಗ್ಗೆ ಅಲ್ಲ.

ಠಾಣೆಗೆ ನೀವೇ ಹೋಗಲು ಮುಜುಗರವಾದರೆ ಹೋಗಬೇಡಿ, ಶಾಲೆಗೆ ಹೇಳಿ. ಹೊತ್ತಲ್ಲದ ಹೊತ್ತಿನಲ್ಲಾದರೂ ನನಗೇ ಫೋನ್ ಮಾಡಿ. ಮುಂದಿನ ಮಾತುಕತೆ ಶಾಲೆಯದ್ದು. ಮಗುವಿನ ಜೊತೆ ಯಾರು ಮಾತಾಡಬೇಕಾದರೂ ನೀವು ಅಥವಾ ನಾನು ಪಕ್ಕದಲ್ಲಿ ಇದ್ದೇ ಇರುತ್ತೇವೆ. ಇಷ್ಟು ಮಾತು ನಿಮಗೆ ಕೊಡುತ್ತೇನೆ.

ನಿಮ್ಮಿಂದ ಬೇಕಾದದ್ದು ಇಷ್ಟೇ: ಮಗು ಏನೋ ಸಿಕ್ಕಿತು ಎಂದು ಹೇಳಿದರೆ ಬೈಯದೆ ಕೇಳಿಸಿಕೊಳ್ಳಿ, ಮುಟ್ಟದೆ 112ಕ್ಕೋ ಶಾಲೆಗೋ ತಿಳಿಸಿ.

ಡಬ್ಬಿಯ ವಿಚಾರ ಕೇಳಿದವರಿಗೆ ಒಂದು ಸುದ್ದಿ. ಅದನ್ನು ಶಾಲೆಯ ಪ್ರಯೋಗಾಲಯಕ್ಕೆ ಕೊಡಿ ಎಂದು ಇಲಾಖೆಗೆ ಪತ್ರ ಬರೆದಿದ್ದೇವೆ. ಹವಾಮಾನದವರು ಇಂಥ ಬಲೂನುಗಳನ್ನು ದಿನಕ್ಕೆ ಎರಡು ಸಲ ಬಿಡುತ್ತಾರೆ. ಮೇಲೆ ಹೋಗುತ್ತಾ ಆ ಡಬ್ಬಿ ಉಷ್ಣತೆ, ತೇವಾಂಶ, ಗಾಳಿಯ ಒತ್ತಡ ಎಲ್ಲವನ್ನೂ ಅಳೆದು ರೇಡಿಯೋದಲ್ಲಿ ಕೆಳಗೆ ಕಳಿಸುತ್ತದೆ. ನಿಮ್ಮ ಮೊಬೈಲಿಗೆ ಬರುವ ಮಳೆಯ ಮುನ್ಸೂಚನೆಯ ಹಿಂದೆ ಆ ಲೆಕ್ಕವೂ ಇದೆ. ಡಬ್ಬಿ ವಾಪಸ್ ಬಂದರೆ ಅದನ್ನು ತರಗತಿಗಳಿಗೆ ತೋರಿಸಿ ವಿವರಿಸುವ ಕೆಲಸ ಅದನ್ನು ತಂದ ಇಬ್ಬರು ಹುಡುಗರದ್ದೇ ಎಂದು ವಿಜ್ಞಾನ ಶಿಕ್ಷಕಿ ಆಗಲೇ ಹೇಳಿದ್ದಾರೆ. ಇನ್ನೂ ಅನುಮಾನ ಇರುವವರು ಬರುವ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬನ್ನಿ. ನಾನೂ ಅವರೂ ಇರುತ್ತೇವೆ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು