ಮಗಳಿಗೊಂದು ಪತ್ರ: ಆ 1,350 ಡಾಲರ್ ವಿಚಾರ

ಪುಟ್ಟೀ,

ಕೆಲಸವಿಲ್ಲದಾಗ ಪಡೆದ ನಿರುದ್ಯೋಗ ಭತ್ಯೆಯಲ್ಲಿ 1,350 ಡಾಲರ್ ಜಾಸ್ತಿ ಹೋಗಿದೆ, ವಾಪಸ್ ಕಟ್ಟು ಅಂತ ಕ್ಯಾಲಿಫೋರ್ನಿಯಾ ಸರ್ಕಾರದಿಂದ ಬಂದ ನೋಟಿಸಿನ ಫೋಟೋ ಕಳಿಸಿದೆಯಲ್ಲ, ಅದನ್ನು ದೊಡ್ಡದು ಮಾಡಿಕೊಂಡು ಪೂರ್ತಿ ಓದಿದೆ. ಇವತ್ತೇ ದುಡ್ಡು ಕಟ್ಟಿ ಕೈತೊಳೆದುಕೊಳ್ಳುತ್ತೇನೆ ಅಂದೆಯಲ್ಲ, ಸ್ವಲ್ಪ ತಡಿ. ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜೊತೆಗೆ ಏನನ್ನು ಒಪ್ಪಿಕೊಳ್ಳುತ್ತಿದ್ದೀಯ ಅಂತ ಮೊದಲು ನೋಡು.

ಖಜಾನೆಯಲ್ಲಿ ಕೂತು ನಾನು ಇಂಥ ವಸೂಲಿ ಆದೇಶಗಳನ್ನು ಎಷ್ಟು ನೋಡಿಲ್ಲ! ಸಂಬಳ ಜಾಸ್ತಿ ಹೋಗಿದೆ ಅಂತ ಒಂದು ಕಾಗದ ಬಂದರೆ ಸಾಕು, ಪಾಪದ ಗುಮಾಸ್ತರು ಮಾನಕ್ಕೆ ಹೆದರಿ ಚಲನ್ ತುಂಬಿಬಿಡುತ್ತಿದ್ದರು. ಲೆಕ್ಕ ತಪ್ಪಿದ್ದು ಕಚೇರಿಯವರು, ತಲೆ ತಗ್ಗಿಸಿದ್ದು ಇವರು. ಆಮೇಲೆ 2014ರಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಒಂದು ಕೇಸಿನಲ್ಲಿ, ನೌಕರನ ಮೋಸವಿಲ್ಲದೆ ಹೋದ ಹಣವನ್ನು ಕೆಳದರ್ಜೆಯವರಿಂದ, ನಿವೃತ್ತರಿಂದ ವಾಪಸ್ ಕಿತ್ತುಕೊಳ್ಳಬಾರದು ಅಂತ ಹೇಳಿತು.

ನಿನ್ನದು ಹಾಗಲ್ಲ ಕಣೇ. ಕ್ಯಾಲಿಫೋರ್ನಿಯಾದಲ್ಲಿ ಈ ಭತ್ಯೆಗಾಗಿ ಎರಡು ವಾರಕ್ಕೊಮ್ಮೆ ತುಂಬುವ ಫಾರಂನಲ್ಲಿ ಸಂಬಳ ಕೈಗೆ ಬಂತಾ ಅಂತ ಕೇಳುವುದಿಲ್ಲ. ಆ ವಾರ ಕೆಲಸ ಮಾಡಿದೆಯಾ, ದುಡಿದೆಯಾ, ಹಣ ಬಂದಿರಲಿ ಬಿಡಲಿ, ಅಂತ ಕೇಳುತ್ತಾರೆ. ನೀನು ಹೊಸ ಕೆಲಸಕ್ಕೆ ಸೇರಿದ ಮೇಲೂ, ಮೊದಲ ಸಂಬಳ ಬರುವವರೆಗೆ "ಇಲ್ಲ" ಅಂತಲೇ ಒತ್ತಿದ್ದೀಯ. ವಾರಕ್ಕೆ 450ರಂತೆ ಮೂರು ವಾರ. ಅವರ ಲೆಕ್ಕ ಸರಿಯಾಗಿದೆ. ಮನ್ನಾ ಕೇಳಬಹುದಾ ಅಂದೆ. ತಪ್ಪು ನಿನ್ನದಲ್ಲದಿದ್ದು, ಕಟ್ಟಿದರೆ ಮನೆ ನಡೆಸುವುದೇ ಕಷ್ಟ ಅನ್ನುವಂತಿದ್ದರೆ ಮಾತ್ರ ಅದು. ಈಗ ಸಂಬಳ ಬರುತ್ತಿದೆ, ಸುಮ್ನೆ ಅರ್ಜಿ ಹಾಕಿ ದಿನ ಕಳೆಯಬೇಡ.

ನನ್ನ ತಕರಾರು ಎರಡನೇ ಪುಟದ ಬಗ್ಗೆ. ಅಲ್ಲಿ ನೀನು ಬೇಕಂತಲೇ ಸುಳ್ಳು ಹೇಳಿದೆ ಅಂತಿದೆ, ಅದಕ್ಕೆ ಶೇ 30ರ ದಂಡ, 405 ಡಾಲರ್. ದಂಡ ಹೋದರೆ ಹೋಗಲಿ. ನಾಳೆ ಮತ್ತೆ ಕೆಲಸ ಹೋದರೆ 23 ವಾರದವರೆಗೂ ಭತ್ಯೆ ಸಿಗದೆ ಇರಬಹುದು. ಗ್ರೀನ್ ಕಾರ್ಡಿನವಳು ನೀನು, ಪೌರತ್ವಕ್ಕೆ ಅರ್ಜಿ ಹಾಕಿದಾಗ ನಡತೆಯನ್ನೂ ನೋಡುತ್ತಾರೆ. ಗೊತ್ತಾಗದೆ ತಪ್ಪು ತುಂಬಿದವಳಿಗೂ ಮೋಸ ಮಾಡಿದವಳಿಗೂ ವ್ಯತ್ಯಾಸವಿದೆ. ಆ ಎರಡನೇ ಹೆಸರಿಗೆ ಸಹಿ ಹಾಕಬೇಡ.

ಸರ್ಕಾರ ಹೇಳಿದ ಮೇಲೆ ಮುಗೀತು ಅಂದುಕೊಳ್ಳಬೇಡ. ನಿಮ್ಮ ದೇಶದ ಮಿಚಿಗನ್‌ನಲ್ಲೇ 2013ರಿಂದ 2015ರವರೆಗೆ ನಿರುದ್ಯೋಗ ಭತ್ಯೆಯ ಒಂದು ಕಂಪ್ಯೂಟರ್ ವ್ಯವಸ್ಥೆ ಸುಮಾರು 40,000 ಜನರ ಮೇಲೆ ಮೋಸದ ಆರೋಪ ಹೊರಿಸಿತ್ತು. ನಾಲ್ಕು ಪಟ್ಟು ದಂಡ ಬೇರೆ. ತಿರುಗಿ ನೋಡಿದಾಗ ಬಹುಪಾಲು ಸುಳ್ಳು. ಕೊನೆಗೆ ರಾಜ್ಯ 2 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಬೇಕಾಯಿತು.

ಮೇಲ್ಮನವಿಗೆ 30 ದಿನ. ನೋಟಿಸ್ ನಿನ್ನ ಕೈಗೆ ಸಿಕ್ಕ ದಿನದಿಂದಲ್ಲ, ಅದನ್ನು ಅಂಚೆಗೆ ಹಾಕಿದ ತಾರೀಖಿನಿಂದ. ಮೊದಲ ಪುಟದ ಮೇಲೇ ಇದೆ, ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡು. ಪತ್ರ ಒಂದೇ ಪುಟ ಸಾಕು. ಹಣ ವಾಪಸ್ ಕೊಡುತ್ತೇನೆ, ಸುಳ್ಳಿನ ಆರೋಪ ಮತ್ತು ದಂಡವನ್ನು ಒಪ್ಪುವುದಿಲ್ಲ ಅಂತ ಬರೆ. ಆಫರ್ ಲೆಟರ್, ಮೊದಲ ಸಂಬಳದ ಚೀಟಿ ಲಗತ್ತಿಸು. ಮೊದಲ ಸಂಬಳ ಬಂದ ಕೂಡಲೇ ಭತ್ಯೆ ಕೇಳುವುದನ್ನು ನಿಲ್ಲಿಸಿದ್ದೀಯಲ್ಲ, ಅದನ್ನು ಎದ್ದು ಕಾಣುವಂತೆ ಬರೆ. ಅಳುಮುಂಜಿ ಮಾತು ಬೇಡ, ಕಚೇರಿಯವರಿಗೆ ಅದನ್ನು ಓದಲು ಪುರುಸೊತ್ತಿರುವುದಿಲ್ಲ.

1,350ನ್ನು ಈ ವರ್ಷವೇ ಕಟ್ಟಿದರೆ ಒಳ್ಳೇದು. ಅಲ್ಲಿ ಈ ಭತ್ಯೆಗೆ ಫೆಡರಲ್ ತೆರಿಗೆ ಇದೆ. ಪಡೆದ ವರ್ಷವೇ ವಾಪಸ್ ಕೊಟ್ಟದ್ದನ್ನು ಆದಾಯದಲ್ಲಿ ಕಳೆದುಕೊಳ್ಳಬಹುದು. ರಸೀದಿ ಜೋಪಾನ. ಒಂದೇ ಸಲ ಆಗದಿದ್ದರೆ ಕಂತು ಕೇಳು. ಫೋನ್ ಮಾಡಿ ಗಿಫ್ಟ್ ಕಾರ್ಡಿನಲ್ಲಿ ಕಟ್ಟಿ ಅನ್ನುವವರ ಮಾತು ಮಾತ್ರ ಕೇಳಬೇಡ, ಅವರು ಕಳ್ಳರು.

ಭಾನುವಾರದೊಳಗೆ ಪತ್ರದ ಕರಡು ವಾಟ್ಸಾಪ್ ಮಾಡು. ಇಂಗ್ಲಿಷ್ ನಿನ್ನದೇ ಇರಲಿ, ತಾರೀಖು ಮತ್ತು ಮೊತ್ತಗಳನ್ನು ನಾನು ತಾಳೆ ನೋಡುತ್ತೇನೆ.

ನಿನ್ನ
ಅಮ್ಮ