ಹಲ್ಲುನೋವು ಸಹಿಸಿಕೊಂಡು ಕೂರಬೇಡ

ಪುಟ್ಟಿ,

ಮಗುವಿಗೆ ಹಾಲು ಕುಡಿಸ್ತಿದ್ದೀನಿ, ಮಾತ್ರೆ ಮುಟ್ಟಲ್ಲ ಅಂತ ಹಟ ಹಿಡಿದಿದ್ದೀಯಂತೆ, ಅಮ್ಮ ಹೇಳಿದಳು. ಇಷ್ಟು ವರ್ಷ ವಿಜಯನಗರದಲ್ಲಿ ಮೆಡಿಕಲ್ ಸ್ಟೋರ್ ನಡೆಸಿದವನ ಮಗಳು ನೀನು, ನನ್ನನ್ನೊಂದು ಮಾತು ಕೇಳಬಾರದಿತ್ತಾ?

ತಾಯಿ ನುಂಗಿದ್ದೆಲ್ಲ ಹಾಗೇ ಮಗುವಿನ ಹೊಟ್ಟೆಗೆ ಹೋಗುವುದಿಲ್ಲ. ಮಾತ್ರೆ ಮೊದಲು ನಿನ್ನ ರಕ್ತ ಸೇರಬೇಕು, ಅಲ್ಲಿಂದ ಒಂದಿಷ್ಟು ಹಾಲಿಗೆ ಇಳಿಯುತ್ತದೆ. ಪ್ಯಾರಸಿಟಮಾಲ್ ಇಳಿಯುವುದು ಸ್ವಲ್ಪವೇ, ಅದೂ ಜ್ವರ ಬಂದರೆ ಡಾಕ್ಟರು ಮಗುವಿಗೇ ಕೊಡುವ ಔಷಧಿ. ಐಬುಪ್ರೊಫೆನ್ ಅಂತೂ ಹಾಲಿನಲ್ಲಿ ತೀರಾ ಕಡಿಮೆ. ನಿನಗೆ ಗ್ಯಾಸ್ಟ್ರಿಕ್ ಇದೆ, ಅದನ್ನು ತಗೊಂಡರೆ ಊಟ ಆದ ಮೇಲೆ ತಗೋ. ಹಲ್ಲಿನ ಸೋಂಕಿಗೆ ಬರೆಯುವ ಅಮಾಕ್ಸಿಸಿಲಿನ್, ವಸಡಿಗೆ ಕೊಡುವ ಮರಗಟ್ಟಿಸುವ ಇಂಜೆಕ್ಷನ್, ಇವಕ್ಕೂ ಹಾಲು ನಿಲ್ಲಿಸಬೇಕಿಲ್ಲ. ಆ್ಯಂಟಿಬಯೋಟಿಕ್‌ನಿಂದ ಮಗುವಿಗೆ ಸ್ವಲ್ಪ ನೀರುನೀರಾಗಿ ಭೇದಿ ಆಗಬಹುದು, ಜಾಸ್ತಿಯಾದರೆ ಮಕ್ಕಳ ಡಾಕ್ಟರಿಗೆ ತೋರಿಸು. ನಿನ್ನ ಗೆಳತಿ ಥೈರಾಯ್ಡ್ ಮಾತ್ರೆಗೆ ಹೆದರಿ ಹಾಲು ಬಿಡಿಸಿದಳಂತಲ್ಲ, ಅದು ಸುಮ್ನೆ.

ಹಾಗಂತ ಸಿಕ್ಕಿದ್ದನ್ನೆಲ್ಲ ನುಂಗು ಅಂತಲ್ಲ. ಕೋಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆ ಬೇಡವೇ ಬೇಡ. ಕೆಲವರ ಮೈಯಲ್ಲಿ ಕೋಡೀನ್ ಬಲು ಬೇಗ ಮಾರ್ಫಿನ್ ಆಗಿಬಿಡುತ್ತದೆ, ಆ ಹಾಲು ಕುಡಿದ ಮಗು ಮಂಪರಿಗೆ ಜಾರಿ ಉಸಿರಾಟವೇ ನಿಧಾನವಾಗಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಎರಡನ್ನೂ ಹೆಸರಿಸಿ ಎಚ್ಚರಿಸಿತ್ತು. ನೋವಿಗೆ ಆಸ್ಪಿರಿನ್ ಕೂಡ ಬೇಡ. ಅಂಗಡಿಯಲ್ಲಿ ಬಾಣಂತಿಯರಿಗೆ ಕೊಡಲು ನಾನು ಹಿಂದೆಮುಂದೆ ನೋಡುತ್ತಿದ್ದದ್ದು ಶೀತದ ಮಾತ್ರೆ. ಒಂದರೊಳಗೆ ಮೂರು ನಾಲ್ಕು ಔಷಧಿ ಸೇರಿಸಿರುತ್ತಾರೆ, ಕೆಲವದರಲ್ಲಿ ನಿದ್ದೆ ತರಿಸುವುದೂ ಇರುತ್ತದೆ, ಮೂಗು ಕಟ್ಟಿದ್ದಕ್ಕೆ ಹಾಕುವ ಸೂಡೋಎಫೆಡ್ರಿನ್ ಇದ್ದರೆ ಹಾಲೇ ಕಡಿಮೆಯಾಗಬಹುದು. ಸ್ಟ್ರಿಪ್ ತಿರುಗಿಸಿ ಹಿಂದೆ ಓದು.

ಅತ್ತೆಯವರು ಹೇಳಿದ ಹಾಗೆ ಲವಂಗ ಇಟ್ಟುಕೋ, ಅವರ ಮನಸ್ಸಿಗೂ ಸಮಾಧಾನ. ಆದರೆ ಕೀವಾಗಿದ್ದರೆ ಅದಕ್ಕೆ ಲವಂಗ ಸಾಲದು. ಯಾರೋ ಕೊಟ್ಟ ಚೂರ್ಣ ಮಾತ್ರ ಬೇಡ, ಅದರಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?

ಈಗಲೇ ಮಗುವಿಗೆ ಹಾಲು ಕುಡಿಸಿ ಒಂದು ಪ್ಯಾರಸಿಟಮಾಲ್ ತಗೋ. ನಾಳೆ ಬೆಳಿಗ್ಗೆ ನಾನೂ ಅಮ್ಮನೂ ಬರ್ತೀವಿ, ಇಲ್ಲಿಂದ ವೈಟ್‌ಫೀಲ್ಡ್‌ಗೆ ಈಗ ಒಂದೇ ಮೆಟ್ರೋ ಅಲ್ವಾ. ಅಮ್ಮ ಮಗುವನ್ನು ನೋಡಿಕೊಳ್ಳುತ್ತಾಳೆ, ನಾವಿಬ್ಬರೂ ಡೆಂಟಿಸ್ಟ್ ಹತ್ತಿರ ಹೋಗೋಣ. ಹಾಲು ಕುಡಿಸುತ್ತಿದ್ದೀನಿ, ಮಗುವಿಗೆ ನಾಲ್ಕು ತಿಂಗಳು, ತಿಂಗಳು ತುಂಬಿಯೇ ಹುಟ್ಟಿದ್ದು ಅಂತ ನೀನೇ ಮೊದಲು ಹೇಳು. ಅವರು ಕೇಳಲಿ ಅಂತ ಕಾಯಬೇಡ, ಎಷ್ಟೋ ಸಲ ಕೇಳೋದೇ ಇಲ್ಲ.

ಅಪ್ಪ