ಮಂಕರಿ ಕೆಳಗಿನ ಕೋಳಿಗೂ ಥ್ಯಾಂಕ್ಸ್

ಮೊನ್ನೆ ಶುಕ್ರವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಪಾಸ್. ಫೋನ್ ಮಾಡಿದವರಿಗೆಲ್ಲ "ಹೂಂ, ಆಯ್ತು" ಅಂದು ಇಟ್ಟುಬಿಟ್ಟೆ, ಗಂಟಲು ಕಟ್ಟಿತ್ತು. ಹೇಳಬೇಕಾದ್ದು ತುಂಬಾ ಇದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿರಾ ಕಡೆಯವಳು. ಕೆರೆ ಕೋಡಿ ಬಿದ್ದರೆ ಊರಿಗೆಲ್ಲ ಹಬ್ಬ, ನಮಗೂ ಸಮುದ್ರಕ್ಕೂ ಏನು ಸಂಬಂಧ ಹೇಳಿ? ಆದರೂ ಐದು ವರ್ಷ ತುಮಕೂರಿನ ಒಂದು ಬಾಡಿಗೆ ರೂಮಿನಲ್ಲಿ ಕೂತು ಬ್ಯಾಲಿಯಾರಿಕ್ ಶಿಯರ್‌ವಾಟರ್ ಅನ್ನೋ ಕಡಲಹಕ್ಕಿ ಯಾವ ತಿಂಗಳು ಎಲ್ಲಿರುತ್ತೆ ಅಂತ ಲೆಕ್ಕ ಹಾಕಿದೆ. ಮೆಡಿಟರೇನಿಯನ್ ಸಮುದ್ರದಲ್ಲಿರುವ ಸ್ಪೇನಿನ ಇಬಿಸಾ, ಮಯೋರ್ಕಾ ದ್ವೀಪಗಳ ಗುಹೆ, ಬಂಡೆಸಂದುಗಳಲ್ಲಿ ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಇದು. ಅರ್ಧ ಕೆಜಿ ತೂಗುತ್ತೆ ಅಷ್ಟೇ. ಮೀನುಗಾರರ ಉದ್ದ ಗಾಳದ ಸಾಲಿಗೆ ಸಿಕ್ಕಿ ಮುಳುಗಿ ಸಾಯುತ್ತೆ, ಗೂಡಿಗೆ ಬಂದರೆ ಬೆಕ್ಕು ಹಿಡಿಯುತ್ತೆ.

ಮೊದಲ ಥ್ಯಾಂಕ್ಸ್ ಅಲ್ಲಿನವರಿಗೆ. ರಾತ್ರಿ ಹೊತ್ತು ಬಂಡೆ ಹತ್ತಿ ಹಕ್ಕಿಯ ಕಾಲಿಗೆ ಕೆಲವೇ ಗ್ರಾಂ ತೂಕದ, ಬೆಳಕು ಅಳೆಯುವ ಯಂತ್ರ ಕಟ್ಟಿದವರು ಅವರು. ಅದು ಸಿಗ್ನಲ್ ಗಿಗ್ನಲ್ ಏನೂ ಕಳಿಸಲ್ಲ. ಮುಂದಿನ ವರ್ಷ ಅದೇ ಹಕ್ಕಿಯನ್ನು ಮತ್ತೆ ಹಿಡಿದು ಬಿಚ್ಚಿಕೊಳ್ಳಬೇಕು. ಹಕ್ಕಿ ವಾಪಸ್ ಬರಲಿಲ್ಲ ಅಂದ್ರೆ ಅದರ ಒಂದು ವರ್ಷದ ಕಥೆಯೂ ಹೋಯಿತು.

ಬೆಳಕಿನಿಂದ ಜಾಗ ಹೇಗೆ ಗೊತ್ತಾಗುತ್ತೆ ಅಂತ ಅಜ್ಜಿ ಕೇಳಿದ್ದಳು. ಸುಲಭ ಅಜ್ಜಿ, ನಡುಮಧ್ಯಾಹ್ನ ಯಾವಾಗ ಆಯಿತು ನೋಡಿದರೆ ಪೂರ್ವ-ಪಶ್ಚಿಮ, ಹಗಲು ಎಷ್ಟು ಉದ್ದ ನೋಡಿದರೆ ಉತ್ತರ-ದಕ್ಷಿಣ. ಜೂನ್ 21ಕ್ಕೆ ನಮ್ಮಲ್ಲಿ ಹಗಲು 13 ಗಂಟೆಯ ಹತ್ತಿರ, ಇಬಿಸಾದಲ್ಲಿ ಸುಮಾರು 15, ಫ್ರಾನ್ಸಿನ ಬ್ರಿಟನಿ ತೀರದಲ್ಲಿ 16. ಮರಿ ಮಾಡಿ ಮುಗಿಸಿದ ಹಕ್ಕಿ ಜಿಬ್ರಾಲ್ಟರ್ ಜಲಸಂಧಿ ದಾಟಿ ಅಟ್ಲಾಂಟಿಕ್‌ಗೆ ಬಂದು ಬ್ರಿಟನಿ ಕಡೆಗೆ ಹೋದರೆ ಅದರ ಹಗಲು ಬೆಳೆಯುತ್ತೆ. ಆದರೆ ಸೆಪ್ಟೆಂಬರ್ 22ರ ಆಸುಪಾಸು ಎಲ್ಲಾ ಕಡೆ ಹಗಲು ರಾತ್ರಿ ಸಮ, ಉತ್ತರ-ದಕ್ಷಿಣದ ಲೆಕ್ಕ ಕೆಟ್ಟುಹೋಗುತ್ತೆ. ಹಕ್ಕಿಗಳು ಮೆಡಿಟರೇನಿಯನ್‌ಗೆ ತಿರುಗಿ ಬರುವ ಕಾಲವೂ ಹೆಚ್ಚೂಕಡಿಮೆ ಅದೇ. ಬೇಕಂತಲೇ ಮಾಡುತ್ತವೇನೋ!

ಮೊದಲ ವರ್ಷ ಒಂದು ಎಡವಟ್ಟಾಯಿತು. ನನ್ನ ಲೆಕ್ಕದಲ್ಲಿ ಏಪ್ರಿಲ್ ತಿಂಗಳು ಒಂದು ಹಕ್ಕಿ ಆಫ್ರಿಕಾವನ್ನೂ ದಾಟಿ ದಕ್ಷಿಣಕ್ಕೆ ಹೋಗಿತ್ತು, ಮರುದಿನ ನೋಡಿದರೆ ಇಬಿಸಾದಲ್ಲಿ. ಗೈಡ್ ಹತ್ತಿರ ಕೇಳೋಕೆ ಹೆದರಿಕೆ. ಊರಿಗೆ ಹೋಗಿ ಮುಖ ಊದಿಸಿಕೊಂಡು ಕೂತಿದ್ದೆ. ಅಜ್ಜಿ ಕಾವಿಗೆ ಕೂತ ಕೋಳಿ ಮೇಲೆ ಮಂಕರಿ ಕವುಚಿ, ಗೋಣಿಚೀಲ ಹೊದಿಸುತ್ತಾ, "ಇದಕ್ಕೆ ಹೊತ್ತು ಹುಟ್ಟಿದ್ದೇ ಗೊತ್ತಿಲ್ಲ ನೋಡವ್ವ, ಇನ್ನೂ ರಾತ್ರಿ ಅಂದ್ಕೊಂಡೈತೆ" ಅಂದಳು. ಅಷ್ಟೇ! ನನ್ನ ಹಕ್ಕಿಯೂ ಗುಹೆಯೊಳಗೆ ಕಾವು ಕೂತಿತ್ತು. ಯಂತ್ರಕ್ಕೆ ಬೆಳಕು ಬಿದ್ದಿರಲಿಲ್ಲ, ಹಗಲು ಗಿಡ್ಡ ಅಂತ ಬರೆದುಕೊಂಡಿತ್ತು, ಅದನ್ನೇ ನನ್ನ ಲೆಕ್ಕ ದಕ್ಷಿಣ ಅಂದಿತ್ತು. ಆಮೇಲೆ ಗೈಡ್‌ಗೆ ಹೇಳಿದರೆ, "ಇದು ಎಲ್ಲರಿಗೂ ಗೊತ್ತಿರೋದೇ ಅಲ್ವಾ" ಅಂದರು. ನನಗೆ ಗೊತ್ತಿರಲಿಲ್ಲ ಸಾರ್.

ಮೂರನೇ ವರ್ಷ ಲ್ಯಾಪ್‌ಟಾಪ್ ಸತ್ತಿತು. ರಿಪೇರಿಗೆ ಕೊಟ್ಟ ಅಂಗಡಿಯವರು ಹೇಳದೆ ಕೇಳದೆ ಎಲ್ಲಾ ಅಳಿಸಿ ಕೊಟ್ಟರು. ಆ ವಾರ ಊಟ ಸೇರಲಿಲ್ಲ. ರೂಮ್‌ಮೇಟ್ ಸುಮ್ನೆ ಇರಲಿ ಅಂತ ಪೆನ್‌ಡ್ರೈವ್‌ನಲ್ಲಿ ಒಂದು ಕಾಪಿ ಇಟ್ಟಿದ್ದಳು, ಮೂರು ತಿಂಗಳು ಹಳೆಯದು, ಆದರೂ ಜೀವ ಬಂತು. ಅವಳಿಗೆ ಏನು ಕೊಟ್ಟರೂ ಕಮ್ಮಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸಾಕು ಅಂತಾಳೆ. ಬಾಡಿಗೆ ತಡವಾದರೂ ಬಾಗಿಲು ತಟ್ಟದ ಓನರ್ ಆಂಟಿಗೆ, ಕರೆಂಟ್ ಹೋದಾಗೆಲ್ಲ ಯುಪಿಎಸ್ ಇರುವ ಟೇಬಲ್ ಬಿಟ್ಟುಕೊಟ್ಟ ಜೆರಾಕ್ಸ್ ಅಂಗಡಿ ಅಣ್ಣನಿಗೆ, ಥ್ಯಾಂಕ್ಸ್.

ಅಪ್ಪ, ನಿನಗೆ ಬೇರೆಯದೇ ಹೇಳಬೇಕು. ಚಿಕ್ಕವಳಿದ್ದಾಗ ಟಿವಿಎಸ್ ಹಿಂದೆ ಕೂರಿಸಿಕೊಂಡು ಕಗ್ಗಲಡುಗೆ ಕರೆದುಕೊಂಡು ಹೋಗಿ, ಹುಣಸೆ ಮರದ ತುಂಬಾ ಗೂಡು ಕಟ್ಟಿದ್ದ ಬಣ್ಣದ ಕೊಕ್ಕರೆ ತೋರಿಸಿದೆ. "ಇವು ಇಲ್ಲಿಂದ ಎಲ್ಲಿಗೆ ಹೋಗ್ತವೆ?" ಅಂತ ನಾನು ಕೇಳಿದ್ದಕ್ಕೆ "ನೀನೇ ದೊಡ್ಡವಳಾಗಿ ಹೇಳು" ಅಂದಿದ್ದೆ. ಕೊಕ್ಕರೆ ಬಿಟ್ಟು ಬೇರೆ ಹಕ್ಕಿಯದ್ದು ಹೇಳಿದ್ದೀನಿ, ಅಡ್ಜಸ್ಟ್ ಮಾಡ್ಕೋ.

ಅಜ್ಜಿ, ಭಾನುವಾರ ಬರ್ತೀನಿ. ಸಾರು ಮಾಡು, ಆದರೆ ಆ ಕೋಳಿ ತಳಿಯದ್ದು ಬೇಡ.